ವಯೋಸಹಜ

ಚಾರ್ಟಿನಲ್ಲಿ ಬಂದದ್ದನ್ನು ಮಾತ್ರ ಊರು ಸಂಜೆ ಐದರ ನಂತರ ನೆನಪಿಟ್ಟುಕೊಳ್ಳುತ್ತದೆ. ಬಾಗಿಲ ಹೊರಗೆ ಅಂಟಿಸಿದ್ದ ಆ ದಿನದ ಸಾವುಗಳ ಚಾರ್ಟಿನ ಕರಡನ್ನು ನೋಡಿ ನೀಲಗಂಗವ್ವ ಐದಕ್ಕೆ ಮುಂಚೆಯೇ ಅಂಕಿಅಂಶ ಕಚೇರಿಗೆ ನುಗ್ಗಿದಳು.

“ನನ್ನ ಗಂಡ ಬಾಯ್ಲರ್ ಸಿಡಿದು ಸತ್ತಾರ. ವಯೋಸಹಜ ಅಂತ ಯಾಕ ತುಂಬಿದ್ಯೋ?”

ಕಂಪ್ಯೂಟರಿನ ಮುಂದಿದ್ದ ವಿಠೋಬ ತಲೆಯೆತ್ತಲಿಲ್ಲ. “ಫ್ಯಾಕ್ಟರಿಯವರು ಸಾವಿನ ಕಾರಣದ ಕಾಲಂ ಖಾಲಿ ಬಿಟ್ಟಿದ್ರೀ ಅಕ್ಕಾರ. ಖಾಲಿ ಇದ್ದು, ವಯಸ್ಸು ಐವತ್ತು ದಾಟಿದ್ರ ‘ವಯೋಸಹಜ’ ಅಂತ ತುಂಬಾಕ ಪೈಥಾನ್ ಪ್ರೋಗ್ರಾಮಿನಾಗ ಒಂದು ಸಾಲು ಬರದೀನಿ. ಇಲ್ಲಾಂದ್ರ ಚಾರ್ಟ್ ಓದಾಕ ಬರಂಗಿಲ್ರೀ.”

“ಓದಾಕ ಬರಂಗಿಲ್ಲಾ? ಇದನ್ನ ಓದು!” ಗಂಡನನ್ನು ಬೆಂಕಿಯಿಂದ ಎಳೆಯುವಾಗ ಸುಟ್ಟ ತನ್ನ ಅಂಗೈಯನ್ನು ಅವನ ಮುಖದ ಮುಂದೆ ಹಿಡಿದಳು.

ಐದು ಹೊಡೆಯಿತು. ಗೋಡೆಯ ಮೇಲೆ ಚಾರ್ಟ್ ಮೂಡಿತು. ನಾಲ್ಕು ಕಾರಣಕ್ಕೆ ನಾಲ್ಕೇ ಬಣ್ಣ, ಬಲು ಅಚ್ಚುಕಟ್ಟು.

ವಿಠೋಬ ಕಣ್ಣುಜ್ಜಿಕೊಂಡು ಕೇಳಿದ, “ಏನಾಗಬೇಕಿತ್ರೀ ಅಕ್ಕಾರ?”

“ನನ್ನ ಗಂಡ ಸತ್ತದ್ದು…” ನೀಲಗಂಗವ್ವ ತಡವರಿಸಿದಳು. “ವಯಸ್ಸಾಗಿತ್ತು.”

ಅಂಗೈ ನೋಡಿಕೊಂಡಳು. ಅದು ಎಲ್ಲಿ ಸುಟ್ಟಿತೋ ನೆನಪಾಗಲಿಲ್ಲ. ಎದೆ ಮಾತ್ರ ಕುದಿಯುತ್ತಲೇ ಇತ್ತು. ಕುರ್ಚಿ ಎಳೆದುಕೊಂಡು ಅವನೆದುರು ಕೂತಳು.

“ನಿನ್ನ ಮ್ಯಾಲೆ ಯಾಕ ಸಿಟ್ಟು ಬಂದದಂತ ಗೊತ್ತಿಲ್ಲೋ. ಗೊತ್ತಾಗೋತನಕ ನಾ ಇಲ್ಲಿಂದ ಏಳಂಗಿಲ್ಲ.”