ಪಕ್ಕದ ಸೀಟು

“ಬ್ರೇಕ್ ಎಲ್ಲಿದೆ, ಮೊದಲು ಅದನ್ನ ಹೇಳು!” ಎಂದು ಬ್ರೇಕ್ ಮೇಷ್ಟ್ರು ಅಬ್ಬರಿಸಿದ ರಭಸಕ್ಕೆ, ಸ್ಟಿಯರಿಂಗ್ ಹಿಡಿದಿದ್ದ ನರ್ಸ್ ಬೆಚ್ಚಿಬಿದ್ದು ಕಾಲು ಒತ್ತಿಯೇಬಿಟ್ಟಳು. ಡ್ರೈವಿಂಗ್ ಸ್ಕೂಲಿನ ಪುಟ್ಟ ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು. ಹಿಂದಿನ ಲಾರಿಯವನು ಕಿಟಕಿಯಿಂದ ಕತ್ತು ಚಾಚಿ ಇಬ್ಬರ ವಂಶವನ್ನೂ ವಿಚಾರಿಸಿಕೊಂಡು ಮುಂದೆ ಹೋದ.

“ಕಾರಿಂದಲ್ಲ ತಾಯೀ, ನಿಮ್ಮ ಲಸಿಕೇದು ಕೇಳಿದ್ದು! ಈ ಕಾರಲ್ಲಿ ನಿನ್ನ ಕಾಲಡಿ ಒಂದು ಬ್ರೇಕು, ನನ್ನ ಕಾಲಡಿ ಇನ್ನೊಂದು. ನೀನು ಕಂಬಕ್ಕೆ ಗುದ್ದೋಕೆ ಹೊರಟ್ರೆ ನಾನು ನಿಲ್ಲಿಸ್ತೀನಿ. ಲಸಿಕೆ ಒಳಗೆ ಹೋದ್ಮೇಲೆ ಏನಾದ್ರೂ ಎಡವಟ್ಟಾದ್ರೆ ಎಲ್ಲಿ ಒತ್ತಲಿ? ಹೊಕ್ಕುಳನ್ನಾ?”

ಮೇಷ್ಟ್ರ ತಲೆ ಬೆಳಗ್ಗೆಯಿಂದಲೇ ಕಾದಿತ್ತು. ಲಸಿಕೆ ಹಾಕಿಸಿಕೊಳ್ಳದವರು ನಾಳೆಯಿಂದ ಕಲಿಸುವ ಸೀಟಿನಲ್ಲಿ ಕೂರುವಂತಿಲ್ಲ ಎಂಬ ಆದೇಶವನ್ನು ಸ್ಕೂಲಿನ ಯಜಮಾನ ಗೋಡೆಗೆ ಅಂಟಿಸಿದ್ದ. ಯಜಮಾನನೆಂದರೆ ಬೇರೆ ಯಾರೂ ಅಲ್ಲ, ಮೇಷ್ಟ್ರ ಹೆಂಡತಿಯ ತಮ್ಮ. ಮೇಷ್ಟ್ರ ಕೈಯಲ್ಲೇ ಗೇರು ಹಾಕುವುದು ಕಲಿತವನು. ಬೀದಿ ತುಂಬಾ ಲಸಿಕೆಯ ವಿರುದ್ಧ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದ ಮೇಷ್ಟ್ರು ಈಗ ಸೂಜಿಗೆ ಅಂಗಿಯ ತೋಳು ಮಡಿಸಿದರೆ ಮರ್ಯಾದೆ ಹೋಗುತ್ತದೆ, ಮಡಿಸದಿದ್ದರೆ ಸೀಟು ಹೋಗುತ್ತದೆ. ಪಾಪ, ಆ ಸೀಟು ಬಿಟ್ಟರೆ ಅವರಿಗೆ ಪ್ರಪಂಚದಲ್ಲಿ ಬೇರೆಲ್ಲೂ ನೆಮ್ಮದಿಯಾಗಿ ಕೂರಲು ಬಾರದು.

ನರ್ಸೂ ಏನು ಕಡಿಮೆಯವಳಲ್ಲ. ಬಸ್ಸು ನಿಂತುಹೋದ ಮೇಲೆ ಆಸ್ಪತ್ರೆಗೆ ಹೋಗಿಬರಲೆಂದು ಕಾರು ಕಲಿಯಲು ಬಂದವಳು. ದಿನವಿಡೀ ಸಲೀಸಾಗಿ ಸೂಜಿ ಚುಚ್ಚುವ ಅವಳ ಕೈ, ಸರ್ಕಲ್ ಕಂಡರೆ ಮಾತ್ರ ಗಡಗಡ. ಮೇಷ್ಟ್ರು ಬ್ರೇಕ್ ಒತ್ತದೆ ಅವಳ ಒಂದು ಕ್ಲಾಸೂ ಮುಗಿದಿರಲಿಲ್ಲ. ಮೇಷ್ಟ್ರು “ಹೂಂ” ಅನ್ನದೆ ಶಿಷ್ಯರು ಯಾವ ಕಡೆಗೂ ತಿರುಗಿಸುವಂತಿಲ್ಲ, ಅದು ಅವರ ಕ್ಲಾಸಿನ ನಿಯಮ.

“ಅಷ್ಟು ಒಳ್ಳೇದೇ ಆಗಿದ್ರೆ ಬಲವಂತ ಯಾಕಮ್ಮ? ಒಳ್ಳೆ ಸಿನಿಮಾಕ್ಕೆ ಯಾರಾದ್ರೂ ಕತ್ತು ಹಿಡಿದು ತಳ್ತಾರಾ?”

“ಬಲವಂತ ನನಗೂ ಸೇರಲ್ಲ ಮೇಷ್ಟ್ರೇ. ಆದ್ರೆ ದಿನಾ ಊರೋರ ಪಕ್ಕ ಈ ಡಬ್ಬೀಲಿ ಕೂತು ಕಿರುಚೋರು ನೀವು. ನಿಮ್ಮಿಂದ ಯಾರಿಗೆ ಸೋಂಕು ಅಂಟುತ್ತೋ, ಯಾರಿಂದ ನಿಮಗೆ ಅಂಟುತ್ತೋ... ಎಡಕ್ಕಾ?”

“ಹೂಂ, ಇಂಡಿಕೇಟರ್ ಹಾಕು. ಇಷ್ಟು ಬೇಗ ತಯಾರು ಮಾಡಿದಾರಲ್ಲ, ನೆಟ್ಟಗೆ ಪರೀಕ್ಷೆ ಮಾಡಿದಾರಾ?”

“ಸಾವಿರಾರು ಜನಕ್ಕೆ ಹಾಕಿ ನೋಡಿದಾರೆ. ನೀವು ನೋಡಿರೋದು ಫೋನಲ್ಲಿ ಬಂದ ವಿಡಿಯೋ. ಬಲಕ್ಕಾ?”

“ಹೂಂ. ವಿಡಿಯೋದಲ್ಲಿ ಡಾಕ್ಟರೇ ಹೇಳಿದ್ದು!”

“ಸ್ಟೆತಸ್ಕೋಪ್ ನೇತು ಹಾಕ್ಕೊಂಡೋರೆಲ್ಲ ಡಾಕ್ಟರಾ? ಹಾಗಾದ್ರೆ ಸೀಟ್ ಬೆಲ್ಟ್ ಹಾಕ್ಕೊಂಡೋರೆಲ್ಲ ಡ್ರೈವರಾ?”

ಮೇಷ್ಟ್ರಿಗೆ ರೇಗಿತು. ಮಾಸ್ಕನ್ನು ಮೂಗಿನ ಮೇಲಕ್ಕೆಳೆದುಕೊಂಡು, ಪೂರಾ ಅವಳ ಕಡೆ ತಿರುಗಿ ವಾದಕ್ಕಿಳಿದರು. ಅವಳಿಗೂ ರೋಷ ಬಂದು, ಒಂದು ಕೈಯಲ್ಲಿ ಗೇರು ಬದಲಾಯಿಸುತ್ತಾ ಮಾತಿಗೆ ಮಾತು ಬೆಳೆಸಿದಳು. ಸರ್ಕಲ್ ಬಂತು, ಹೋಯಿತು. ಮಾರುಕಟ್ಟೆಯ ಇಕ್ಕಟ್ಟು ಬಂತು, ಅದೂ ಹೋಯಿತು. ಇಬ್ಬರಲ್ಲಿ ಒಬ್ಬರಿಗೂ ರಸ್ತೆಗೆ ಹೆದರಲು ಪುರುಸೊತ್ತಿರಲಿಲ್ಲ. ಕಾರು ಹಿಂದಕ್ಕೆ ಸರಿದು, ಆಂಬುಲೆನ್ಸಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಬೆಣ್ಣೆಯಂತೆ ಜಾರಿ ನಿಂತಾಗಲೇ ಮೇಷ್ಟ್ರ ಬಾಯಿ ನಿಂತದ್ದು.

“ಇದನ್ನ ಯಾರು ನಿಲ್ಲಿಸಿದ್ದು?”

“ನಾನೇ.”

“ನಾನು ಒತ್ತಿಲ್ವಾ?”

“ನಿಮ್ಮ ಕಾಲು ನೋಡ್ಕೊಳ್ಳಿ.”

ನೋಡಿಕೊಂಡರು. ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು! ಚಪ್ಪಲಿಗಳು ಮಾತ್ರ ಕೆಳಗೆ ಬ್ರೇಕಿನ ಪಕ್ಕ ಬಿದ್ದಿದ್ದವು. ಮೇಷ್ಟ್ರಿಗೆ ಸಿಟ್ಟು, ಲಸಿಕೆ, ಭಾವಮೈದುನ ಎಲ್ಲ ಮರೆತೇಹೋಯಿತು. “ರಿವರ್ಸ್ ಕಣೇ! ರಿವರ್ಸಲ್ಲಿ ಹಾಕಿದೀಯ! ಗೋಡೆಗೆ ತರಚಿಲ್ಲ!” ಎಂದು ಕೂಗುತ್ತಾ ಬರಿಗಾಲಲ್ಲೇ ಇಳಿದು ಕಾರಿನ ಸುತ್ತ ಕುಣಿದಾಡಿದರು. ನರ್ಸ್ ಖುಷಿ ತಡೆಯಲಾರದೆ ಹಾರ್ನ್ ಮೇಲೆ ಹಾರ್ನ್ ಹೊಡೆದಳು. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಅದು ಆಸ್ಪತ್ರೆಯ ಲಸಿಕೆ ಸಾಲು ಎಂದು ಆಗ ಮೇಷ್ಟ್ರಿಗೆ ಹೊಳೆಯಿತು.

“ಇಲ್ಲಿಗ್ಯಾಕೆ ಕರಕೊಂಡು ಬಂದೆ?”

“ಪ್ರತಿ ತಿರುವಿಗೂ ನೀವೇ ಹೂಂ ಅಂದ್ರಲ್ಲ! ಈಗಲೂ ಬೇಡ ಅಂದ್ರೆ ವಾಪಸ್ ಹೋಗೋಣ. ನಾನಂತೂ ತಳ್ಳಲ್ಲ.”

ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡರು. ದನಿ ಇಳಿದಿತ್ತು. “ನಿಜ ಹೇಳ್ಲಾ? ನನಗೆ ಭಯ ಕಣಮ್ಮ. ಏನೂ ಆಗಲ್ಲ ಅಂತ ಬರೆದುಕೊಡ್ತೀಯಾ?”

“ಇಲ್ಲ. ಕೈ ನೋಯುತ್ತೆ, ಜ್ವರ ಬರಬಹುದು. ಎಲ್ಲೋ ಲಕ್ಷಕ್ಕೊಬ್ಬರಿಗೆ ಜಾಸ್ತಿ ತೊಂದ್ರೆ ಆಗಬಹುದು. ಅದಕ್ಕೇ ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸ್ಕೊಂಡು ನೋಡ್ತೀವಿ, ಔಷಧಿ ರೆಡಿ ಇಟ್ಕೊಂಡು. ನಾನು ನಿಮ್ಮ ಪಕ್ಕದಲ್ಲೇ ಇರ್ತೀನಿ.”

“ಪಕ್ಕದಲ್ಲೇ?”

“ಪಕ್ಕದಲ್ಲೇ.”

ಪಕ್ಕದ ಸೀಟೆಂದರೆ ಏನೆಂದು ಮೇಷ್ಟ್ರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೋಳು ಮಡಿಸಿದರು.

ಸೂಜಿ ಹೊಕ್ಕು ಬಂದ ಮೇಲೆ ಬೆಂಚಿನ ಮೇಲೆ ಕೂತರು. ನರ್ಸ್ ಪಕ್ಕದಲ್ಲಿ ಕೂತು ಅವರನ್ನೇ ನೋಡುತ್ತಿದ್ದಳು. ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಹೊರಟುಬಿಡಲೋ ನಿಲ್ಲಲೋ ಎಂದು ತಿಳಿಯದೆ ಅವರತ್ತ ಬಾಗಿ ಪಿಸುಗುಟ್ಟಿದಳು: “ಏನಪ್ಪಾ, ಜೀವಕ್ಕೇನೂ ಅಪಾಯ ಇಲ್ವಂತಾ?”

“ನನ್ನನ್ನ ಕೇಳ್ಬೇಡ ಅಜ್ಜೀ,” ಎಂದರು ಬ್ರೇಕ್ ಮೇಷ್ಟ್ರು, ತೋಳು ಉಜ್ಜಿಕೊಳ್ಳುತ್ತಾ. “ಇವಳು ಓಡಿಸಿದ ಕಾರಲ್ಲಿ ಕಾಲು ಮಡಿಸ್ಕೊಂಡು ಬಂದೋನು ನಾನು. ಇನ್ನು ನನಗೆ ಯಾವುದೂ ಅಪಾಯ ಅನ್ಸಲ್ಲ.”