ಗ್ರೀಸಿನ ಮೇಲೆ ನೀರು

ಗ್ರೀಸಿನ ವಾಸನೆ ಬಂದರೆ ನನಗೆ ಈಗಲೂ ಜೊತೆಗೆ ಗೋಮೂತ್ರವೂ ನಾರಿದಂತಾಗುತ್ತದೆ.

ಆಗ ಅರವತ್ತರ ದಶಕ. ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಪ್ಪನ ಹಳೆಯ ಕಾರಿಗೆ ಗೇರಿನ ಹಿಡಿ ಸ್ಟೀರಿಂಗಿನ ಪಕ್ಕದಲ್ಲೇ ಇತ್ತು. ಅದು ಬೀಳಲಿರುವ ಹಲ್ಲಿನಂತೆ ಅಲುಗಾಡತೊಡಗಿದಾಗ ಹುಬ್ಬಳ್ಳಿಯಿಂದ ಮಲಿಕ್‌ಸಾಬ ಮಿಸ್ತ್ರಿ ಬಂದ. ಮಧ್ಯಾಹ್ನವೆಲ್ಲ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿ ಮಲಗಿ, ಸವೆದ ಬುಷ್ ತೆಗೆದು, ಹೊಸದು ಕೂಡಿಸಿ, ಗ್ರೀಸ್ ಮೆತ್ತಿದ. ನನ್ನನ್ನು ಸೀಟಿನ ಮೇಲೆ ಕೂಡಿಸಿ, "ಎಳದ ನೋಡವಾ ತಂಗಿ, ಬೆಣ್ಯಾಗಿನ ಕೂದಲ ಎಳದಂಗ ಬರ್ತೈತಿ" ಎಂದು ನಕ್ಕ.

ಆತ ಗೇಟು ದಾಟಿದ್ದೇ ತಡ, ಅಜ್ಜಿ ಗೋಮೂತ್ರದ ತಂಬಿಗೆ ತಂದಳು. ಅವನ ಕೈ ತಾಗಿದ ಹಿಡಿ, ಸೀಟು, ಬಾಗಿಲು, ಎಲ್ಲಕ್ಕೂ ಚಿಮುಕಿಸಿದಳು. "ನೀನೂ ಮುಟ್ಟಿದ್ಯೇನ? ಕೈ ಮುಂದ ಮಾಡು" ಎಂದು ನನ್ನ ಅಂಗೈಗೂ ಸುರಿದಳು. ಥೂ! ಅಂಗೈಯ ಗ್ರೀಸಿನ ಮೇಲೆ ಅದು ಹಳದಿ ಹನಿಗಳಾಗಿ ನಿಂತಿತು.

ನಟ್ಟು ಬಿಗಿಯುವ ಪಾನಾ ಮರೆತು, ಅದನ್ನು ಒಯ್ಯಲು ತಿರುಗಿ ಬಂದ ಮಲಿಕ್‌ಸಾಬ ಗೇಟಿನಲ್ಲಿ ನಿಂತಿದ್ದ. ತಂಬಿಗೆಯನ್ನು ನೋಡಿದ, ನನ್ನ ಕೈಯನ್ನೂ ನೋಡಿದ.

"ಅಮ್ಮಾರ, ಗ್ರೀಸಿನ ಮ್ಯಾಲೆ ನೀರು ಹಾಕಬ್ಯಾಡ್ರಿ, ಕಬ್ಬಿಣಕ್ಕ ಜಂಗ ಹಿಡೀತೈತಿ" ಎಂದ ಮೆಲ್ಲಗೆ.

"ನೀರಲ್ಲ ಅದು" ಎಂದಳು ಅಜ್ಜಿ.

"ಗೊತ್ತೈತ್ರಿ" ಎಂದು ಪಾನಾ ಎತ್ತಿಕೊಂಡು ಹೋದ.

ಅಪ್ಪ ಅಷ್ಟೊತ್ತೂ ಅಂಗಳದ ಮಾವಿನ ಗಿಡ ನೋಡುತ್ತ ನಿಂತಿದ್ದ. ಆಮೇಲೆ ಬಂದು, ಒದ್ದೆ ಸೀಟಿನ ಮೇಲೆ ಪೇಪರ್ ಹಾಸಿ ಕೂತು, ಎರಡೇ ಬೆರಳಿನಿಂದ ಹಿಡಿ ಎಳೆದು ನೋಡಿ, "ಛಲೋ ಕೂಡಿಸ್ಯಾನ" ಎಂದ.