ಇಸ್ತ್ರಿಯವಳ ಅಂದಾಜು

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆಯೇ ಬೇರೆ. ಅರ್ಧ ಹಬೆ, ಅರ್ಧ ಗಂಜಿ. ಅವಳು ಬೆಳೆದದ್ದು ಆ ವಾಸನೆಯಲ್ಲೇ, ಏಳನೇ ತರಗತಿಗೆ ಶಾಲೆ ಬಿಟ್ಟದ್ದೂ ಅದಕ್ಕಾಗಿಯೇ. ಅಪ್ಪ ಕೆಂಡ ಊದುತ್ತ ಹೇಳುತ್ತಿದ್ದ: "ಮುಖ ನೋಡಬೇಡ ಮಗಳೇ, ಕಾಲರ್ ನೋಡು. ಮನುಷ್ಯ ಎಂಥವನು ಅಂತ ಅದೇ ಹೇಳುತ್ತೆ." ಅಂಗಡಿ ಅವಳ ಕೈಗೆ ಬಂದು ಕೂದಲು ನರೆತರೂ ಆ ಅಂದಾಜು ತಪ್ಪಿದ್ದಿಲ್ಲ.

ಈಗ ತಂಗಿಯ ಮನೆಯಲ್ಲಿ, ಅಂಥ ಗರಿಗರಿ ಕಾಲರುಗಳ ನಡುವೆ ಕೂತು ಅವಳು ಬೆವರುತ್ತಿದ್ದಳು.

ತಂಗಿ ಕಾಲೇಜಿನಲ್ಲಿ ಪಾಠ ಹೇಳುವವಳು. ತಿಂಗಳಿಗೊಮ್ಮೆ ಅವಳ ಗೆಳೆಯರು ಒಂದು ಪುಸ್ತಕ ಓದಿಕೊಂಡು ಬರುತ್ತಾರೆ, ಚರ್ಚೆ ಮಾಡುತ್ತಾರೆ, ಊಟ ಮಾಡಿ ಹೋಗುತ್ತಾರೆ. ಅಕ್ಕತಂಗಿಯರು ಪಕ್ಕಪಕ್ಕ ಕೂರುವುದೂ ಅವತ್ತೊಂದೇ ದಿನ. ಹಿಂದಿನ ಸಲ ಅಕ್ಕ ಧೈರ್ಯ ಮಾಡಿ, "ಕಥೆ ಚೆನ್ನಾಗಿತ್ತು" ಅಂದಿದ್ದಳು. ಮಗು ಮೊದಲ ಹೆಜ್ಜೆ ಇಟ್ಟಾಗ ನಗುತ್ತಾರಲ್ಲ, ಹಾಗೆ ಎಲ್ಲರೂ ನಕ್ಕಿದ್ದರು. ಇನ್ನು ಆ ಕಡೆ ತಲೆ ಹಾಕುವುದಿಲ್ಲ ಎಂದು ಅಂದೇ ತೀರ್ಮಾನಿಸಿದ್ದಳು.

ತಂಗಿ ಅಂಗಡಿಗೇ ಬಂದು ಕೈ ಹಿಡಿದಳು. "ಪುಸ್ತಕ ಬರೆದವರೇ ಬರ್ತಿದಾರೆ ಅಕ್ಕಾ. ಎಲ್ಲಿಗೂ ಹೋಗದವರು, ಒಂದು ಫೋಟೋ ಕೂಡ ತೆಗೆಸ್ಕೊಳ್ಳದವರು. ಅಡುಗೆಗೂ ಒಬ್ಬರಿಗೆ ಹೇಳಿದೀನಿ. ಇದೊಂದು ಸಲ ಬಾ. ಸರಿಹೋಗಲಿಲ್ಲ ಅಂದ್ರೆ ಮತ್ತೆ ಕರೆಯಲ್ಲ."

ಆ ಕೊನೆಯ ಮಾತೇ ಅವಳನ್ನು ಇಲ್ಲಿಗೆ ಎಳೆದು ತಂದದ್ದು.

ದೊಡ್ಡವರನ್ನು ಬಾಗಿಲಲ್ಲಿ ಎದುರುಗೊಂಡವಳು ಅವಳೇ. ಬೂದು ಕೋಟು, ಬೆರಳಿಟ್ಟರೆ ಕುಯ್ಯುವಂಥ ಮಡಿಕೆ. ಅವರು ಏನೋ ಹೇಳಲು ಬಾಯಿ ತೆರೆದರು. "ಮೊದಲು ಕೂತ್ಕೊಳ್ಳಿ, ಆಮೇಲೆ ಮಾತು" ಎಂದು ಎತ್ತರದ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟಳು. ಕೂತರು. ಆಮೇಲೆ ಅವರದ್ದು ಬರೀ ಮೌನ.

ಉಳಿದವರದ್ದು ಮಾತೇ ಮಾತು. ಅಸ್ತಿತ್ವವಂತೆ, ಬಿಕ್ಕಟ್ಟಂತೆ, ವಿಘಟನೆಯಂತೆ. ಒಬ್ಬೊಬ್ಬರೂ ಒಂದೊಂದು ಮಾತು ಎಸೆದು ದೊಡ್ಡವರ ಮುಖ ನೋಡುತ್ತಿದ್ದರು. ಅವರು ಆಗಾಗ ಅಡುಗೆಮನೆಯ ಬಾಗಿಲ ಕಡೆ ನೋಡುತ್ತ ಯೋಚನೆಯಲ್ಲಿ ಮುಳುಗಿದ್ದರು. ಕೊನೆಗೊಮ್ಮೆ ಗಂಟಲು ಸರಿಮಾಡಿಕೊಂಡು ಕೇಳಿದರು: "ನೀವು ಒಟ್ಟು ಎಷ್ಟು ಜನ?"

ವಕೀಲರು ಕನ್ನಡಕ ತೆಗೆದರು. "ಎಂಥ ಪ್ರಶ್ನೆ ಸಾರ್. ನಮ್ಮೊಬ್ಬೊಬ್ಬರ ಒಳಗೇ ಎಷ್ಟು ಜನ ಇದೀವೋ, ಎಣಿಸಿದವರು ಯಾರು?" ಎಲ್ಲರೂ ತಲೆದೂಗಿದರು.

ಸದ್ಯ, ಎಂದುಕೊಂಡಳು ಅವಳು. ನನ್ನನ್ನು ಕೇಳಿದ್ದರೆ ಎಣಿಸಿ ಒಂಬತ್ತು ಅಂದುಬಿಡುತ್ತಿದ್ದೆನಲ್ಲ.

"ಅಕ್ಕನವರು ಏನಂತಾರೆ?" ವಕೀಲರು ಅವಳತ್ತ ತಿರುಗಿದರು.

"ಆಲೂಗಡ್ಡೆ ಬೆಂದಿದೆಯಾ ನೋಡ್ಕೊಂಡು ಬರ್ತೀನಿ" ಎಂದು ಅವಳು ಎದ್ದು ಹೋದಳು.

ಅಡುಗೆಮನೆಯಲ್ಲಿದ್ದವನ ಅಂಗಿ ಮುದ್ದೆಯಾಗಿತ್ತು, ಒಂದು ಗುಂಡಿ ತನ್ನದಲ್ಲದ ಕಾಜದಲ್ಲಿತ್ತು. ಸಂಜೆ ಹಿತ್ತಲ ಬಾಗಿಲಲ್ಲಿ ಹೆದರಿದವನ ಹಾಗೆ ಇಣುಕುತ್ತಿದ್ದ. ಅಡುಗೆಗೆ ಹೇಳಿದವನು ಅಂತ ಅವಳೇ ಒಳಗೆ ಕರೆದು, ಏಪ್ರನ್ ಕಟ್ಟಿ, ಕೈಗೆ ಚಾಕು ಕೊಟ್ಟಿದ್ದಳು. ಸೌತೆಕಾಯಿ ಹೆಚ್ಚಿದ್ದ ಚೆಂದ ನೋಡಬೇಕು: ಒಂದು ತುಂಡು ಹೆಬ್ಬೆರಳಿನಷ್ಟು, ಇನ್ನೊಂದು ಉಗುರಿನಷ್ಟು.

"ಒಳಗೆ ಹೇಗಿದೆ?" ಎಂದ.

"ನನ್ನ ತಲೆ ಅಣ್ಣಾ. ಅವರ ಒಂದು ಮಾತೂ ನನಗೆ ಹತ್ತಲ್ಲ. ಈಗ ಹೋಗಿ ಏನಾದ್ರೂ ಹೇಳಬೇಕು. ಹೇಳಿದ್ರೆ ನಗ್ತಾರೆ, ಹೇಳದಿದ್ರೆ ತಂಗಿಗೆ ಅವಮಾನ."

"ನೀವು ಓದಿದ್ರಾ ಆ ಪುಸ್ತಕ?"

"ಅರ್ಧ. ನಿದ್ದೆ ಬಂತು."

"ನನಗೂ ಅಲ್ಲೇ. ನಡುವೆ ತುಂಬಾ ಎಳೆದಿದಾನೆ, ಪುಣ್ಯಾತ್ಮ." ಅವನು ಚಾಕು ಕೆಳಗಿಟ್ಟ. "ಒಂದು ಕೆಲಸ ಮಾಡಿ ಅಕ್ಕಾ. ಅವರು ಏನೇ ಅಂದ್ರೂ, 'ಹಾಗಂದ್ರೆ ಏನು, ಸ್ವಲ್ಪ ಬಿಡಿಸಿ ಹೇಳಿ' ಅನ್ನಿ. ಅಷ್ಟೇ. ಆಮೇಲೆ ಸುಮ್ಮನೆ ಕೂತು ನೋಡ್ತಾ ಇರಿ."

"ಬೈಯಲ್ವಾ?"

"ಬೈತಾರೆ. ಆದ್ರೆ ನಿಮ್ಮನ್ನಲ್ಲ."

ಅವಳು ಹೋಗಿ ಕೂತಳು. ವಕೀಲರು ಮತ್ತೆ ವಿಘಟನೆ ಎಂದರು. ಅವಳು ಕೈ ಕಟ್ಟಿಕೊಂಡು, "ಹಾಗಂದ್ರೆ ಏನು, ಸ್ವಲ್ಪ ಬಿಡಿಸಿ ಹೇಳಿ" ಎಂದಳು.

ವಕೀಲರು ಬಿಡಿಸಿದರು. ಪಕ್ಕದ ಡಾಕ್ಟರು, "ಅದು ಹಾಗಲ್ಲ ಕಣ್ರೀ" ಎಂದರು. ಇತಿಹಾಸದ ಮೇಡಂ, "ಇಬ್ಬರದ್ದೂ ತಪ್ಪು" ಎಂದರು. ಸ್ವಲ್ಪ ಹೊತ್ತಿನಲ್ಲೇ ಡಾಕ್ಟರು ವಕೀಲರನ್ನು, "ನೀವು ಕೊನೆ ಅಧ್ಯಾಯ ಓದೇ ಇಲ್ಲ" ಎಂದು ಹಿಡಿದರು. ವಕೀಲರು, "ನೀವು ಮೊದಲನೇದು ಬಿಟ್ಟಿದೀರಿ" ಎಂದು ತಿರುಗಿಸಿ ಕೊಟ್ಟರು. ತಂಗಿ ಬಾಯಿಗೆ ಅಂಗೈ ಅಡ್ಡ ಹಿಡಿದು ಬಿದ್ದು ಬಿದ್ದು ನಕ್ಕಳು. ನಗುತ್ತಲೇ ತನ್ನ ಕುರ್ಚಿಯನ್ನು ಅಕ್ಕನ ಹತ್ತಿರಕ್ಕೆ ಎಳೆದುಕೊಂಡಳು.

"ಬರೋ ತಿಂಗಳು ತಪ್ಪಿಸ್ಕೊಂಡೀಯಾ, ಹುಷಾರು" ಎಂದು ಅಕ್ಕನ ಕಿವಿಯಲ್ಲಿ ಪಿಸುಗುಟ್ಟಿ, ಎದ್ದು ನಿಂತಳು. "ಸಾರ್, ಈ ಜಗಳ ತಾವೇ ಬಿಡಿಸಬೇಕು."

ದೊಡ್ಡವರು ಮೂಗರಳಿಸಿದರು. "ತಳ ಹಿಡೀತಿದೆ" ಎಂದರು.

ಅದರ ಒಳಾರ್ಥ ಏನಿರಬಹುದೆಂದು ಎಲ್ಲರೂ ಯೋಚಿಸುವಷ್ಟರಲ್ಲಿ ಅವರು ಕೋಟು ಕಳಚಿ, ತೋಳು ಮಡಚಿ ಅಡುಗೆಮನೆಗೆ ನುಗ್ಗಿದ್ದರು. ಮಂದಿ ಹಿಂದೆಯೇ ಓಡಿದರು.

"ಅಯ್ಯೋ ಸಾರ್, ತಮಗ್ಯಾಕೆ ಈ ಕೆಲಸ?" ತಂಗಿ ಸೌಟಿಗೆ ಕೈ ಹಾಕಿದಳು.

"ಮತ್ತೆ ಕರೆಸಿದ್ದು ಯಾತಕ್ಕಮ್ಮಾ? ಎಷ್ಟು ಜನಕ್ಕೆ ಮಾಡಬೇಕು ಅಂತ ಕೇಳಿದ್ರೆ ಏನೇನೋ ಹೇಳ್ತೀರಿ. ಉರಿ ನೋಡಿ, ಯಾರು ರೀ ಹೀಗೆ ಇಟ್ಟವರು?"

ಮುದ್ದೆ ಅಂಗಿ ತಪ್ಪೊಪ್ಪಿದಂತೆ ಕೈ ಎತ್ತಿತು. ಅವಳು ಆ ಅಂಗಿಯನ್ನೊಮ್ಮೆ, ಕುರ್ಚಿಯ ಮೇಲಿನ ಬೂದು ಕೋಟನ್ನೊಮ್ಮೆ ನೋಡಿದಳು. ಅಪ್ಪ ನೆನಪಾದ.

"ಮೇಲಿನದನ್ನಷ್ಟೇ ತೆಗೆದಿದೀನಿ ಅಕ್ಕಾ, ಇದು ಸೀದಿಲ್ಲ" ಎಂದು ಮೆಲ್ಲಗೆ ಹೇಳಿ, ಏಪ್ರನ್ ಬಿಚ್ಚದೆಯೇ ಪುಸ್ತಕ ಬರೆದವರು ಊಟದ ತಟ್ಟೆಯನ್ನು ಅವಳ ಕೈಗಿತ್ತರು.